ಲಿಲಿಕ್ ಭಾನುವಾರ ಕಂಡ ತಪ್ಪು

ಪಲುಪಿಯನ್ನೇ ಆ ತರಗತಿಗೆ ಕಳಿಸಿ ಎಂದು ಮೊದಲು ಬಾಯಿಬಿಟ್ಟವಳು ಲಿಲಿಕ್. ಮುಂದೆ ಹೊಟ್ಟೆ ಉರಿದುಕೊಂಡಾಗಲೆಲ್ಲ ಬೈಯಲು ಅವಳಿಗೆ ಬೇರೆ ಯಾರೂ ಸಿಗದೇ ಹೋದದ್ದು ಇದೇ ಕಾರಣಕ್ಕೆ.

ಜಾವಾ ದ್ವೀಪದ ಕೆದಿರಿ ಊರಿನ ಹೊಳೆಯಾಚೆಗಿದ್ದ ಸೋಯಾ ಸಾಸಿನ ಕಾರ್ಖಾನೆಯಲ್ಲಿ ಇಬ್ಬರೂ ಲೆಕ್ಕ ಬರೆಯುವವರು. ಕಪ್ಪು ಸೋಯಾ ಕಾಳು, ತಾಳೆಬೆಲ್ಲ ಕುದಿಯುವ ವಾಸನೆ ಅಲ್ಲಿ ದುಡಿಯುವವರ ತಲೆಗೂದಲಿಗೂ ಹಿಡಿದಿರುತ್ತದೆ. ಇಬ್ಬರೂ ಒಂದೇ ವಾಣಿಜ್ಯ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅಲ್ಲಿ ಲಿಲಿಕ್ ಯಾವಾಗಲೂ ಮೊದಲನೆಯವಳು. ಪಲುಪಿ ಅವಳ ಪುಸ್ತಕ ನೋಡಿ ಬರೆದುಕೊಂಡು ಹೇಗೋ ದಡ ಸೇರಿದವಳು. ಕಾರ್ಖಾನೆಗೆ ಬಂದ ಮೇಲೂ ಲಿಲಿಕ್ ಹಿರಿಯ ಗುಮಾಸ್ತೆಯಾದಳು, ಪಲುಪಿ ಅವಳ ಕೈಕೆಳಗಿನವಳಾದಳು. ಹಬ್ಬಕ್ಕೆ ಒಬ್ಬರ ಮನೆಯ ತಿಂಡಿ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಚಿಕ್ಕಮ್ಮನಾಗಿದ್ದರು. ಆದರೆ ಯಾರು ಮೇಲೆ, ಯಾರು ಕೆಳಗೆ ಎಂಬುದು ಮಾತಾಡದೆಯೇ ಇತ್ಯರ್ಥವಾಗಿಹೋಗಿತ್ತು. ಲಿಲಿಕ್‌ಗೆ ಈ ಗೆಳೆತನದಲ್ಲಿ ಬಲು ಹಿತವಾಗಿದ್ದದ್ದೂ ಅದೇ.

ಯಜಮಾನರ ಮಗಳು ಮೆಲಾನಿ ಹಣಕಾಸಿನ ಉಸ್ತುವಾರಿ ವಹಿಸಿಕೊಂಡ ವರ್ಷ ಎಲ್ಲವೂ ತಿರುಗುಮುರುಗಾಯಿತು. ಒಂದು ಬೆಳಿಗ್ಗೆ ಅವಳು ವಿಭಾಗಕ್ಕೇ ಬಂದು, ಮೇಜಿನ ತುದಿಗೆ ಒರಗಿ ಹೇಳಿದಳು:

"ನಮ್ಮಲ್ಲಿ ಲೆಕ್ಕ ಬರೆಯೋರು ಇದಾರೆ, ಲೆಕ್ಕ ಏನು ಹೇಳ್ತಿದೆ ಅಂತ ನಂಗೆ ಹೇಳೋರು ಇಲ್ಲ. ಊರೊಳಗೆ ಡೇಟಾ ವಿಶ್ಲೇಷಣೆ ಕಲಿಸೋ ಜಾಗ ಶುರುವಾಗಿದೆ. ಪ್ರತಿ ಶನಿವಾರ. ಫೀಸು ಕಾರ್ಖಾನೆದು. ಲಿಲಿಕ್ ಅಕ್ಕಾ, ನೀವು ಹೋಗಿ."

ಲಿಲಿಕ್ ನಕ್ಕಳು. ಎಲ್ಲರಿಗೂ ಕೇಳಲಿ ಎಂದೇ ಜೋರಾಗಿ ನಕ್ಕಳು. "ಅಯ್ಯೋ ಮೇಡಂ, ಈ ವಯಸ್ಸಲ್ಲಿ ನಾನು ಬಣ್ಣದ ಚಿತ್ರ ಬಿಡಿಸ್ತಾ ಕೂರ್ಲಾ? ನಂಗೆ ಇಲ್ಲಿ ತಲೆ ಕೆರ್ಕೊಳ್ಳೋಕೆ ಪುರುಸೊತ್ತಿಲ್ಲ. ಪಲುಪೀನ ಕಳಿಸಿ. ಅವಳಿಗೆ ಹೊತ್ತೂ ಇದೆ, ಬಣ್ಣಾನೂ ಇಷ್ಟ."

ಎಲ್ಲರೂ ನಕ್ಕರು. ಪಲುಪಿಯೂ ನಕ್ಕಳು, ಆದರೆ ಅವಳ ಕಿವಿ ಕೆಂಪಾಗಿತ್ತು. "ಹೋಗ್ತೀನಿ ಮೇಡಂ" ಎಂದಳು.

ಎರಡು ವಾರಕ್ಕೆ ಅತ್ತುಕೊಂಡು ಬರುತ್ತಾಳೆ ಎಂದು ಲಿಲಿಕ್ ಲೆಕ್ಕ ಹಾಕಿದ್ದಳು. ಅಳುವುದೇನೋ ಅತ್ತಳು, ಆದರೆ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಬಂದವಳೇ ಶನಿವಾರದ ಪಾಠವನ್ನು ಎಕ್ಸೆಲ್ ಹಾಳೆಯಲ್ಲಿ ಮತ್ತೆ ಮಾಡಿ ನೋಡುತ್ತಿದ್ದಳು. ಊಟದ ಹೊತ್ತಿನಲ್ಲೂ ಒಂದು ಕೈಯಲ್ಲಿ ಹುದುಗಿಸಿದ ಸೋಯಾದ ಟೆಂಪೆ ತುಂಡು, ಇನ್ನೊಂದು ಕೈ ಮೌಸಿನ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವಳ ಕಂಪ್ಯೂಟರಿನ ಪರದೆಯ ಮೇಲೆ ಪೂರ್ವ ಜಾವಾದ ನಕ್ಷೆ ಕಾಣಿಸಿತು. ಎಲ್ಲಿ ಸಾಸು ಹೆಚ್ಚು ಹೋಗುತ್ತದೆ, ಯಾವ ಅಂಗಡಿ ಬಾಕಿ ಉಳಿಸುತ್ತದೆ, ಯಾವ ತಿಂಗಳು ಲಾರಿ ಬಾಡಿಗೆ ಏರುತ್ತದೆ, ಒತ್ತಿದ ಕಡೆ ಉತ್ತರ ಅರಳುತ್ತಿತ್ತು. ಮಾರಾಟದವರು ಬಂದು ನೋಡಿದರು. ಗೋದಾಮಿನವರು ಬಂದರು. ಕೊನೆಗೆ ಮೆಲಾನಿಯೇ ಬಂದು, ಕುರ್ಚಿ ಎಳೆದುಕೊಂಡು ಪಲುಪಿಯ ಪಕ್ಕ ಕೂತಳು.

"ಅಕ್ಕಾ, ಇದನ್ನ ನೀವೊಬ್ರೇ ಮಾಡಿದ್ರಾ?"

"ಹೂಂ ಮೇಡಂ. ತಪ್ಪಿದ್ರೆ ಬೈಬೇಡಿ."

ಲಿಲಿಕ್ ತನ್ನ ಜಾಗದಿಂದ ಏಳಲಿಲ್ಲ. ಬಿಲ್ಲಿಗೆ ಮುದ್ರೆ ಒತ್ತುತ್ತಲೇ ಇದ್ದಳು, ಒಂದೊಂದು ಮುದ್ರೆಯೂ ಮೇಜು ನಡುಗುವಂತೆ. ನನ್ನ ಪುಸ್ತಕ ನೋಡಿ ಬರೆದುಕೊಂಡವಳು! ಡೆಬಿಟ್ ಎಡಕ್ಕೋ ಬಲಕ್ಕೋ ಎಂದು ಪರೀಕ್ಷೆಯ ದಿನ ನನ್ನನ್ನು ಕೇಳಿದವಳು!

"ಚಿತ್ರ ಚೆನ್ನಾಗಿದೆ ಕಣೇ, ಗೋಡೆಗೆ ತೂಗುಹಾಕೋಣ" ಎಂದಳು, ಎಲ್ಲರೂ ಹೋದ ಮೇಲೆ.

"ನಿಂಗೂ ತೋರಿಸ್ತೀನಿ ಬಾ."

"ಬೇಡಮ್ಮ. ಕೆಲಸ ಮಾಡೋರು ಯಾರಾದ್ರೂ ಇರಬೇಕಲ್ಲ."

ಮುಂದಿನ ತಿಂಗಳು ಪಲುಪಿಯ ಮೇಜು ಮೇಲಿನ ಮಹಡಿಗೆ, ಮೆಲಾನಿಯ ಕೋಣೆಯ ಪಕ್ಕಕ್ಕೆ ಹೋಯಿತು. ಅಲ್ಲಿ ಏಸಿ ಇತ್ತು. ಲೆಕ್ಕ ಪರಿಶೋಧಕರು ಬಂದರೆ ಹಿಂದೆ "ಲಿಲಿಕ್ ಅಕ್ಕ ಎಲ್ಲಿ?" ಎನ್ನುತ್ತಿದ್ದವರು ಈಗ ನೇರ ಮೆಟ್ಟಿಲು ಹತ್ತುತ್ತಿದ್ದರು. ಪಲುಪಿಯ ತಲೆವಸ್ತ್ರ ಹೊಸದಾದದ್ದು, ಅವಳ ಚಪ್ಪಲಿಗೆ ಹಿಮ್ಮಡಿ ಬಂದದ್ದು, ಅವಳು ಕಾಫಿಗೆ ಸಕ್ಕರೆ ಬಿಟ್ಟದ್ದು, ಒಂದೂ ಲಿಲಿಕ್‌ಳ ಕಣ್ಣು ತಪ್ಪುತ್ತಿರಲಿಲ್ಲ. ಮನೆಗೆ ಹೋಗಿ ಗಂಡ ಹರ್ಜೊನ ಮುಂದೆ ಎಲ್ಲವನ್ನೂ ಕಾರುತ್ತಿದ್ದಳು. ಹರ್ಜೊ ಮೋಟಾರುಬೈಕು ರಿಪೇರಿಯವನು, ಮಾತು ಕಡಿಮೆ.

"ನೀನೇ ಹೋಗಬಹುದಿತ್ತಲ್ಲೇ" ಎಂದ ಒಂದು ಸಲ.

ಆ ರಾತ್ರಿ ಅವನಿಗೆ ಸಾರಿಲ್ಲದ ಅನ್ನ ಸಿಕ್ಕಿತು.

ಆದರೆ ಮಾತು ಮುಳ್ಳಿನ ಹಾಗೆ ನೆಟ್ಟಿತು. ಅದೇ ಕಲಿಕಾ ಕೇಂದ್ರದಲ್ಲಿ ಭಾನುವಾರವೂ ಒಂದು ತರಗತಿ ಇದೆಯೆಂದು ಲಿಲಿಕ್ ವಿಚಾರಿಸಿ ತಿಳಿದುಕೊಂಡಳು. ಮಗಳ ಮದುವೆಗೆ ಕೊಂಡಿದ್ದ ಬಳೆಗಳಲ್ಲಿ ಒಂದನ್ನು ಅಡವಿಟ್ಟು ಫೀಸು ಕಟ್ಟಿದಳು. ಮನೆಯಲ್ಲಿ ಮಸೀದಿಯ ಹೆಂಗಸರ ಓದುಕೂಟಕ್ಕೆ ಹೋಗುತ್ತೇನೆಂದಳು.

ಅಂಗಡಿ ಬೀದಿಯ ಬಟ್ಟೆಯಂಗಡಿಯೊಂದರ ಮೇಲಿನ ಕೋಣೆ. ಉಳಿದವರೆಲ್ಲ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ಪಾಠ ಹೇಳುವ ಗಿಲಾಂಗ್‌ಗೂ ಅವಳ ಮಗನ ವಯಸ್ಸು. ಮೊದಲ ದಿನವೇ ಲಿಲಿಕ್‌ಗೆ ತಲೆ ತಿರುಗಿತು. ಲೆಕ್ಕ ಕೂಡುವುದು, ಕಳೆಯುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಇಲ್ಲಿ ಹಾಗಲ್ಲ. ಮೊದಲು ಪ್ರಶ್ನೆ ಕೇಳಬೇಕು, ಆಮೇಲೆ ಅಂಕಿಗಳನ್ನು ತೊಳೆದು ಹಸನು ಮಾಡಬೇಕು, ಎರಡು ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಬೇಕು, ಆಮೇಲೆ ಚಿತ್ರ. "ಉತ್ತರ ಯಾವ್ದು ಸರಿ ಅಂತ ಹೇಳಿಬಿಡಪ್ಪಾ" ಎಂದು ಅವಳು ಗಿಲಾಂಗ್‌ನನ್ನು ಕೇಳಿದಳು. "ಆಂಟೀ, ನಿಮ್ಮ ಪ್ರಶ್ನೆ ಯಾವ್ದು ಅಂತ ನೀವು ಮೊದ್ಲು ಹೇಳಿ" ಎಂದ ಅವನು. ಅವಳಿಗಿದ್ದದ್ದು ಒಂದೇ ಪ್ರಶ್ನೆ, ಪಲುಪಿಗೆ ಬಂದದ್ದು ನನಗೆ ಯಾಕೆ ಬರುತ್ತಿಲ್ಲ ಎಂಬುದು.

ಮೂರನೆಯ ವಾರ ಅವಳು ಎರಡು ಪಟ್ಟಿ ಹೊಂದಿಸಲಾಗದೆ ಕೀಬೋರ್ಡು ತಳ್ಳಿದಾಗ ಗಿಲಾಂಗ್ ಸಮಾಧಾನ ಹೇಳಿದ. "ಬೇಜಾರಾಗ್ಬೇಡಿ. ಶನಿವಾರದ ಬ್ಯಾಚಲ್ಲಿ ನಿಮ್ಮ ಹಾಗೇ ಒಬ್ರು ಆಂಟಿ ಇದ್ರು. ಸೋಯಾ ಸಾಸ್ ಕಾರ್ಖಾನೆಯವ್ರು. ಬಾತ್‌ರೂಮಿಗೆ ಹೋಗಿ ಅಳೋರು, ಮುಖ ತೊಳ್ಕೊಂಡು ಬಂದು 'ಇನ್ನೊಂದ್ಸಲ ಹೇಳಪ್ಪ' ಅನ್ನೋರು. ಎಲ್ಲಾರೂ ಹೋದ್ಮೇಲೂ ಕೂತಿರೋರು. ಈಗ ಅವ್ರು ಮಾಡಿದ್ದನ್ನೇ ನಾನು ಪಾಠಕ್ಕೆ ತೋರಿಸ್ತೀನಿ."

ಪಲುಪಿಗೆ ಅದೃಷ್ಟ ಒಲಿದಿದೆ, ಮೆಲಾನಿಯ ಕೃಪೆ ಇದೆ ಎಂದು ನಂಬಿದ್ದಷ್ಟು ದಿನ ಲಿಲಿಕ್‌ಗೆ ಹೇಗೋ ನಿದ್ದೆ ಬರುತ್ತಿತ್ತು. ಅವಳು ಬೆವರು ಸುರಿಸಿ ಗಳಿಸಿದ್ದು ಎಂದು ತಿಳಿದ ದಿನ ಅದೂ ಹೋಯಿತು. ಅಂದಿನಿಂದ ಲಿಲಿಕ್ ಹಲ್ಲು ಕಚ್ಚಿ ಕಲಿತಳು. ಪ್ರೀತಿಯಿಂದ ಕಲಿಯುವವರಿರುತ್ತಾರೆ, ಹಸಿವಿಗೆ ಕಲಿಯುವವರಿರುತ್ತಾರೆ. ಅವಳು ಮಾತ್ಸರ್ಯಕ್ಕೆ ಕಲಿತಳು. ವಿದ್ಯೆ ಅದನ್ನೆಲ್ಲ ನೋಡುವುದಿಲ್ಲ, ಬಂದೇ ಬಂತು.

ಈ ನಡುವೆ ಮಸೀದಿಯ ಬಳಿ ಯಾರೋ ಹರ್ಜೊನನ್ನು "ನಿಮ್ಮನೆಯವ್ರು ಓದುಕೂಟಕ್ಕೆ ಬಂದು ಎಷ್ಟು ಕಾಲ ಆಯ್ತು, ಹುಷಾರಿಲ್ವಾ?" ಎಂದು ಕೇಳಿದರು. ಮುಂದಿನ ಭಾನುವಾರ ಹರ್ಜೊ ಬೈಕಿನಲ್ಲಿ ಅವಳ ಹಿಂದೆಯೇ ಹೋದ. ಬಟ್ಟೆಯಂಗಡಿಯ ಮೆಟ್ಟಿಲು ಹತ್ತಿ ಬಾಗಿಲಲ್ಲಿ ಇಣುಕಿದಾಗ ಅವನ ಹೆಂಡತಿಯ ಭುಜದ ಮೇಲೆ ಬಾಗಿ ಒಬ್ಬ ಚೆಲುವ ಹುಡುಗ ಪರದೆಗೆ ಬೆರಳು ತೋರಿಸುತ್ತಿದ್ದ.

"ಲಿಲಿಕ್!"

ಇಡೀ ತರಗತಿ ತಿರುಗಿ ನೋಡಿತು. ಲಿಲಿಕ್ ಎದ್ದು ನಿಂತಳು. "ರೀ, ನೀವ್ಯಾಕೆ ಬಂದ್ರಿ ಇಲ್ಲಿಗೆ?"

ಹರ್ಜೊ ಪರದೆ ನೋಡಿದ, ಹುಡುಗನನ್ನು ನೋಡಿದ, ಹೆಂಡತಿಯನ್ನು ನೋಡಿದ. "ಇದಾ? ಕಂಪ್ಯೂಟರಾ? ಥೂ, ನಾನು ಏನೇನೋ ಅಂದ್ಕೊಂಡು ಒಂದು ವಾರ ನಿದ್ದೆಗೆಟ್ಟೆನಲ್ಲೇ!"

ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಗಂಡನಿಗೂ ತನ್ನ ವಿಷಯದಲ್ಲಿ ಹೊಟ್ಟೆಕಿಚ್ಚು ಬರುತ್ತದೆಂದು ಲಿಲಿಕ್‌ಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಮನಸ್ಸಿಗೆ ಸ್ವಲ್ಪ ಖುಷಿಯೂ ಆಯಿತು.

ಕಲಿಕೆಯ ಕೊನೆಗೆ ಪ್ರತಿಯೊಬ್ಬರೂ ತಮ್ಮ ಕೆಲಸದ ಅಂಕಿಗಳನ್ನೇ ತಂದು ಒಂದು ವರದಿ ಮಾಡಬೇಕಿತ್ತು. ಅದಕ್ಕೆ ಒಪ್ಪಿಗೆ ಕೇಳಿದಾಗ ಮೆಲಾನಿ ಆಶ್ಚರ್ಯಪಟ್ಟು, ಖುಷಿಯಿಂದಲೇ ಕೊಟ್ಟಳು. ಲಿಲಿಕ್ ಆರಿಸಿಕೊಂಡದ್ದು ಒಡೆದ ಬಾಟಲಿಗಳ ಲೆಕ್ಕ. ಯಾಕೆಂದರೆ ಆ ವಾರವಷ್ಟೇ ಪಲುಪಿ ಅದರ ಮೇಲೆ ವರದಿ ಮಾಡಿದ್ದಳು. ಎಲ್ಲ ಡಿಪೋಗಳಲ್ಲೂ ಬಾಟಲಿ ಒಡೆಯುತ್ತಿದ್ದವು, ಆದರೆ ಅವಳ ಚಿತ್ರದಲ್ಲಿ ಮದಿಯುನ್ ಊರಿನ ಡಿಪೋದ ಕಂಬ ಮಾತ್ರ ಉಳಿದವುಗಳ ತಲೆಯ ಮೇಲೆ ಎದ್ದು ನಿಂತಿತ್ತು. ಒಡೆದವೆಂದು ಬರೆದು ಒಳಗಿಂದೊಳಗೆ ಮಾರುತ್ತಿದ್ದಾರೆಯೇ ಎಂದು ಮಹಡಿಯಲ್ಲಿ ಗುಸುಗುಸು ಶುರುವಾಗಿತ್ತು. ಅಲ್ಲಿನ ಡಿಪೋ ನೋಡಿಕೊಳ್ಳುತ್ತಿದ್ದವರು ಸುಗಿಯೊ ಎಂಬ ಹಿರಿಯರು. ಲಿಲಿಕ್ ಅವರನ್ನು ಕಂಡದ್ದು ಕಡಿಮೆ, ಫೋನಿನಲ್ಲಿ ದನಿ ಕೇಳಿದ್ದೇ ಹೆಚ್ಚು. ಪ್ರತಿ ಸಲವೂ ಮೊದಲು ಅವಳ ಮಕ್ಕಳ ಆರೋಗ್ಯ ವಿಚಾರಿಸಿ ಆಮೇಲೆ ಲೆಕ್ಕಕ್ಕೆ ಬರುವವರು.

ಆ ಭಾನುವಾರ ಗಿಲಾಂಗ್ ಹೇಳಿದ, "ಎರಡು ಪಟ್ಟಿ ಹೊಂದಿಸೋ ಮುಂಚೆ ಯಾವ ಹೆಸರಾದ್ರೂ ಎರಡು ಸಲ ಬಂದಿದೆಯಾ ನೋಡ್ಕೊಳ್ಳಿ. ಊಟದ ಪಟ್ಟೀಲಿ ಒಬ್ರ ಹೆಸರು ಎರಡು ಸಲ ಬಿದ್ರೆ ಅವ್ರ ಮನೆಗೆ ಎರಡು ಪೊಟ್ಟಣ ಹೋಗುತ್ತೆ."

ಲಿಲಿಕ್ ಅಲ್ಲೇ ಡಿಪೋಗಳ ಪಟ್ಟಿ ತೆರೆದಳು. ಮದಿಯುನ್ ಎರಡು ಸಲ ಇತ್ತು. ಡಿಪೋ ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಹೋದಾಗ ಹೊಸ ವಿಳಾಸ ಸೇರಿಸಿದವರು ಹಳೆಯದನ್ನು ತೆಗೆದಿರಲಿಲ್ಲ. ಹಾಗಾಗಿ ಬಾಟಲಿಗಳ ಪಟ್ಟಿಯನ್ನು ಇದಕ್ಕೆ ಹೊಂದಿಸಿದಾಗ ಅಲ್ಲಿ ಒಡೆದ ಒಂದೊಂದು ಬಾಟಲಿಯೂ ವರದಿಯಲ್ಲಿ ಎರಡಾಗಿತ್ತು. ಒಂದು ಹೆಸರು ಅಳಿಸಿ ಮತ್ತೆ ಚಿತ್ರ ತೆಗೆದಳು. ಮದಿಯುನ್ ಕಂಬ ಕುಸಿದು ಉಳಿದವುಗಳ ಸಾಲಿನಲ್ಲಿ ತಣ್ಣಗೆ ನಿಂತುಕೊಂಡಿತು.

ಪಲುಪಿ ತಪ್ಪಿದ್ದಾಳೆ! ಮಹಡಿ ಹತ್ತಿದ ಪಲುಪಿ ತಪ್ಪಿದ್ದಾಳೆ!

ಹೇಳಬೇಕೆಂದೇ ಸೋಮವಾರ ಬಂದಳು, ಅದು ಸುಳ್ಳಲ್ಲ. ಕ್ಯಾಂಟೀನಿನಲ್ಲಿ ಪಲುಪಿ ಮಾರಾಟದವರ ನಡುವೆ ಕೂತಿದ್ದಳು. ಲಿಲಿಕ್ ತಟ್ಟೆ ಹಿಡಿದು ಹತ್ತಿರ ಹೋದಳು.

"ಪಲುಪಿ, ಆ ಬಾಟಲಿ ವರದಿ ಇದೆಯಲ್ಲ..."

"ಅದಾ? ಅರ್ಥ ಆಗ್ಲಿಲ್ವಾ?" ಪಲುಪಿ ಪ್ರೀತಿಯಿಂದಲೇ ಅವಳ ಕೈ ಹಿಡಿದಳು. "ಬಾ ಮಧ್ಯಾಹ್ನ, ಹೇಳಿಕೊಡ್ತೀನಿ. ಹೆದರ್ಕೋಬೇಡ, ನಂಗೇ ಬಂತು ಅಂದ್ಮೇಲೆ ನಿಂಗೆ ಬರಲ್ವಾ?"

ಮಾರಾಟದವನೊಬ್ಬ ನಕ್ಕ. ಪಲುಪಿಯ ಮಾತಿನಲ್ಲಿ ವಿಷವಿರಲಿಲ್ಲ. ಆದರೆ ಉರಿಯುವ ಹೊಟ್ಟೆಗೆ ಬೆಣ್ಣೆಯೂ ಎಣ್ಣೆಯೇ.

"ಏನಿಲ್ಲ ಬಿಡು" ಎಂದಳು ಲಿಲಿಕ್.

ಅಂದೇ ಮಧ್ಯಾಹ್ನ ಮೆಲಾನಿಯಿಂದ ಮದಿಯುನ್‌ಗೆ ಫೋನು ಹೋಯಿತು. ಶುಕ್ರವಾರದ ಸಭೆಯವರೆಗೆ ಸುಗಿಯೊ ಅವರು ಡಿಪೋದ ಬೀಗದ ಕೈಯನ್ನು ಕೆಳಗಿನವರಿಗೆ ಕೊಟ್ಟು ಮನೆಯಲ್ಲಿರಲಿ, ಸಭೆಗೆ ಬಂದು ಉತ್ತರ ಕೊಡಲಿ ಎಂದು. ಸುದ್ದಿ ಕೇಳಿದಾಗ ಲಿಲಿಕ್‌ಳ ಮುದ್ರೆ ಬಿಲ್ಲಿನ ಮೇಲೇ ನಿಂತಿತು. ಆದರೂ ಬಾಯಿ ತೆರೆಯಲಿಲ್ಲ. ಶುಕ್ರವಾರ ಎಲ್ಲರ ಮುಂದೆ ಹೇಳಿದರೆ ಆಯಿತಲ್ಲ, ಮುದುಕರೂ ಉಳಿಯುತ್ತಾರೆ, ಸತ್ಯವೂ ಗೆಲ್ಲುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮದುವೆಯ ಉಡುಪಿನ ಬಣ್ಣ ಆರಿಸುವ ಮದುಮಗಳ ಹಾಗೆ, ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ವಾರವಿಡೀ ಜೋಡಿಸಿಟ್ಟುಕೊಂಡಳು.

ಶುಕ್ರವಾರ ಸುಗಿಯೊ ಬಾತಿಕ್ ಅಂಗಿ ತೊಟ್ಟು ಮೇಜಿನ ಕೊನೆಗೆ ಕೂತಿದ್ದರು. ಗಡ್ಡ ಬೋಳಿಸಿಕೊಂಡ ಕಡೆ ಗಾಯವಾಗಿತ್ತು. ಪಲುಪಿ ಗೋಡೆಯ ಮೇಲೆ ಚಿತ್ರ ತೋರಿಸಿ ಮಾತು ಮುಗಿಸಿದಳು. ಮೆಲಾನಿ, "ಹೇಳಿ, ನಿಮ್ಮ ಡಿಪೋದಲ್ಲೇ ಯಾಕೆ ಇಷ್ಟೊಂದು?" ಎಂದು ಕೇಳಿದಳು.

ಲಿಲಿಕ್ ಎದ್ದಳು. "ಮೇಡಂ, ಆ ಚಿತ್ರಾನೇ ತಪ್ಪು."

ಜೋಡಿಸಿಟ್ಟುಕೊಂಡ ಮಾತುಗಳು ಒಂದೂ ಜಾರಲಿಲ್ಲ. ಎರಡು ಸಲ ಬಿದ್ದ ಹೆಸರು ತೋರಿಸಿದಳು, ಅಳಿಸಿದಳು, ಹೊಸ ಚಿತ್ರ ತಂದಳು. ಕೋಣೆಯಲ್ಲಿ ಉದ್ಗಾರ ಎದ್ದಿತು. ಪಲುಪಿಯ ಮುಖ ಬಿಳಿಚಿಹೋಯಿತು. ಆ ಬಿಳುಪು ನೋಡಿ ಲಿಲಿಕ್‌ಳ ನಾಲಿಗೆಗೆ ಅಮಲೇರಿತು. ನಿಲ್ಲಿಸಬೇಕಾದ ಕಡೆ ನಿಲ್ಲಿಸಲಿಲ್ಲ.

"ಇದೇನು ದೊಡ್ಡ ವಿದ್ಯೆ ಅಲ್ಲ. ಮೊದಲನೇ ಪಾಠ. ನೋಡಿದ ತಕ್ಷಣ ಹಿಡಿದೆ, ಭಾನುವಾರಾನೇ ಹಿಡಿದುಬಿಟ್ಟೆ!"

ಸುಗಿಯೊ ನಿಧಾನವಾಗಿ ತಲೆಯೆತ್ತಿದರು.

"ಭಾನುವಾರ ಅಂದ್ರೆ, ಹೋದ ಭಾನುವಾರಾನೇನಮ್ಮಾ?"

ಲಿಲಿಕ್ ಮೌಸು ಬಿಟ್ಟಳು.

"ನಂಗೆ ಫೋನ್ ಬಂದಿದ್ದು ಸೋಮವಾರ" ಎಂದರು ಮುದುಕರು. ದೂರುವ ದನಿಯಲ್ಲ, ಲೆಕ್ಕ ಸರಿಪಡಿಸಿಕೊಳ್ಳುವ ದನಿ. ಆಮೇಲೆ ಕೈಕಟ್ಟಿ ಕೂತರು. ಮೆಲಾನಿ ಆ ಮುದುಕರ ಕ್ಷಮೆ ಕೇಳಿದಳು, ಬೀಗದ ಕೈ ಇಂದೇ ಹಿಂದಕ್ಕೆ ಎಂದಳು. ಲಿಲಿಕ್‌ಳ ಕಡೆ ಒಮ್ಮೆ ನೋಡಿದಳು, ಅಷ್ಟೇ. ಹೊಗಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೆಟ್ಟಿಲ ಬಳಿ ಪಲುಪಿ ಅವಳನ್ನು ತಡೆದಳು. ಅಳುತ್ತಿರಲಿಲ್ಲ.

"ಮಹಡಿ ಮೇಲೆ ನಾನು, ಕೆಳಗೆ ನೀನು. ಉರೀತಿತ್ತಾ?"

"ಹೂಂ" ಎಂದಳು ಲಿಲಿಕ್.

"ನಂಗೂ ಉರೀತಿತ್ತು ಕಣೇ. ಶಾಲೆಯಿಂದ. ನಿನ್ನ ಪುಸ್ತಕ ಕೇಳುವಾಗೆಲ್ಲ ಉರೀತಿತ್ತು. ಅವತ್ತು ಎಲ್ಲಾರ ಮುಂದೆ ಬಣ್ಣ ಇಷ್ಟ ಅಂದ್ಯಲ್ಲ, ಆ ಉರೀಲೇ ನಾನು ಕಲಿತಿದ್ದು. ಆದ್ರೆ ನಿನ್ನ ಲೆಕ್ಕದಲ್ಲಿ ತಪ್ಪು ಕಂಡ್ರೆ ಮೆಲ್ಲಗೆ ಬಂದು ಕಿವೀಲಿ ಹೇಳ್ತಿದ್ದೆ. ಬಾಯಿ ಮುಚ್ಕೊಂಡು ಶುಕ್ರವಾರಕ್ಕೆ ಕಾಯ್ತಿರಲಿಲ್ಲ."

"ನನ್ನ ಲೆಕ್ಕದಲ್ಲಿ ತಪ್ಪಾ? ಯಾವಾಗ?"

"ನೋಡು! ಈಗ್ಲೂ ನಿಂಗೆ ಅದೇ ಬೇಕು" ಎಂದು ಪಲುಪಿ ಮೇಲೆ ಹತ್ತಿ ಹೋದಳು.

ಎಷ್ಟೋ ದಿನ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಇನ್ನೊಂದಿರಲಿಲ್ಲ. ಕೊನೆಗೆ ಪಲುಪಿಯೇ ಕೆಳಗಿಳಿದು ಬಂದು, ಮದಿಯುನ್‌ಗೆ ಹೋಗಿ ಸುಗಿಯೊ ಅವರ ಕ್ಷಮೆ ಕೇಳುತ್ತೇನೆ, ತಪ್ಪು ಚಿತ್ರ ನನ್ನದು, ನಿನ್ನದೂ ಏನಾದರೂ ಇದ್ದರೆ ಬಾ ಎಂದಳು. ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತ ಹೋದರು.

ಸುಗಿಯೊ ಮನೆಯಲ್ಲಿರಲಿಲ್ಲ, ಡಿಪೋಗೆ ಹೋಗಿದ್ದರು. ಬಾಗಿಲು ತೆರೆದವರು ಅವರ ಹೆಂಡತಿ. ಬಂದವರು ಯಾರೆಂದು ತಿಳಿದ ಮೇಲೆ ಅವರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ನಿಮ್ಮಿಬ್ರಲ್ಲಿ ಭಾನುವಾರದೋರು ಯಾರು?"

ಲಿಲಿಕ್‌ಗೆ ನೆಲ ಬಿರಿಯಬಾರದೇ ಎನ್ನಿಸಿತು. "ನಾನು ಅಮ್ಮಾ" ಎಂದಳು.

ಹೆಂಗಸು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಎರಡು ತಟ್ಟೆ, ಬಿಸಿ ಅನ್ನ, ಬೇಯಿಸಿದ ಸೊಪ್ಪು, ಮೇಲೆ ಕಡಲೆಕಾಯಿ ಚಟ್ನಿ ಸುರಿದ ಪೆಚೆಲ್. ಲಿಲಿಕ್‌ಳ ತಟ್ಟೆಯನ್ನು ಅವಳ ಮುಂದೆಯೇ ಇಟ್ಟು ಎದುರಿಗೆ ಕೂತರು.

"ತಿನ್ನಿ. ನಾವಿಬ್ರೂ ಆ ವಾರ ಸರಿಯಾಗಿ ಉಂಡಿರ್ಲಿಲ್ಲ. ಅಕ್ಕಪಕ್ಕದೋರು ಬಂದು, ಏನಂತೆ, ಕಳ್ಳತನವಂತೆ ಅಂತ ಕೇಳೋರು. ನಮ್ಮನೆಯವರು ಬಾಗಿಲ ಕಡೆ ಬೆನ್ನು ಮಾಡ್ಕೊಂಡು ಕೂತಿರೋರು. ತಿನ್ನಿ ತಿನ್ನಿ, ಬಿಡಬಾರ್ದು."

ಲಿಲಿಕ್ ತಿಂದಳು. ಕಣ್ಣೀರು ಚಟ್ನಿಯ ಖಾರಕ್ಕೋ ಇನ್ಯಾತಕ್ಕೋ ಇಳಿಯುತ್ತಿತ್ತು. ಕ್ಷಮೆ ಕೇಳಿದಳು. ಆ ಹೆಂಗಸು ಆಗಲಿ ಎನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಇನ್ನಷ್ಟು ಅನ್ನ ಬಡಿಸಿದರು.

ಸುಗಿಯೊ ನಿವೃತ್ತಿಯವರೆಗೆ ಕೆಲಸ ಮಾಡಿದರು. ಫೋನು ಮಾಡಿದರೆ ಈಗ ನೇರ ಲೆಕ್ಕಕ್ಕೇ ಬರುತ್ತಿದ್ದರು, ಲಿಲಿಕ್‌ಳ ಮಕ್ಕಳ ವಿಷಯ ಕೇಳುತ್ತಿರಲಿಲ್ಲ. ಆ ಶಿಕ್ಷೆಯನ್ನು ಅವಳು ಬಾಯಿಬಿಡದೆ ಅನುಭವಿಸಿದಳು. ಮೆಲಾನಿ ಹೊಸ ಕಟ್ಟಳೆ ಮಾಡಿದಳು: ಪಲುಪಿ ಮಾಡಿದ್ದನ್ನು ಲಿಲಿಕ್ ನೋಡಬೇಕು, ಲಿಲಿಕ್ ಮಾಡಿದ್ದನ್ನು ಪಲುಪಿ ನೋಡಬೇಕು, ಇಬ್ಬರೂ ಸೈ ಎಂದ ಮೇಲಷ್ಟೇ ವರದಿ ಕೋಣೆ ದಾಟಬೇಕು. ಲಿಲಿಕ್‌ಳ ಮೇಜೂ ಮಹಡಿಗೆ ಹೋಯಿತು. ಆದರೆ ಏಸಿಯ ಗಾಳಿ ಪಲುಪಿಯ ಕಡೆಗೇ ಹೆಚ್ಚು ಬೀಸುತ್ತದೆಂದು ಅವಳಿಗೆ ಅನ್ನಿಸದೆ ಇರಲಿಲ್ಲ.

ಮರುವರ್ಷ ಸುರಬಾಯ ನಗರದಲ್ಲಿ ತಿಂಡಿತಿನಿಸು ತಯಾರಕರ ಸಮಾವೇಶವಿತ್ತು. ಸಣ್ಣ ಕಾರ್ಖಾನೆಗಳು ಅಂಕಿಗಳಿಂದ ಏನು ಕಲಿಯಬಹುದೆಂದು ಮಾತಾಡಲು ಪಲುಪಿಗೆ ಕರೆ ಬಂತು. ಅವಳಿಗೊಬ್ಬಳಿಗೇ. ಮೆಲಾನಿ ಸುದ್ದಿ ಹೇಳಿ ಹೋದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ಲಿಲಿಕ್ ಪರದೆಯಿಂದ ಕಣ್ಣು ತೆಗೆಯದೆ ಕರೆದಳು.

"ಪಲುಪಿ."

"ಏನೇ?"

"ನಂಗೆ ಉರೀತಿದೆ ಕಣೇ. ಈಗ, ಈ ಕ್ಷಣ."

ಪಲುಪಿ ತಿರುಗಿ ನೋಡಿದಳು. ನಗು ತಡೆಯಲು ನೋಡಿ, ಆಗದೆ ನಕ್ಕಳು. "ಉರೀಲಿ ಬಿಡು. ಉರ್ಕೊಂಡೇ ನನ್ನ ಭಾಷಣದ ಚಿತ್ರಗಳನ್ನ ಒಂದ್ಸಲ ನೋಡಿಬಿಡು. ತಪ್ಪಿದ್ರೆ ಇವತ್ತೇ ಹೇಳು."

ಲಿಲಿಕ್ ಕುರ್ಚಿ ಎಳೆದುಕೊಂಡು ಹೋಗಿ ಅವಳ ಪಕ್ಕ ಕೂತಳು. ಎರಡನೇ ಚಿತ್ರದಲ್ಲೇ ಒಂದು ತಪ್ಪು ಸಿಕ್ಕಿತು.